ಅಡಿಗೆಮನೆಯಲ್ಲಿ ಪ್ರಾರ್ಥನೆ

ದುಡಿಯುವವರಿಗೆ ಸಹೋದರ ಲಾರೆನ್ಸನ ಪಾಠ

ದುಡಿಮೆಗಾಗಿ ಊರು ಬಿಟ್ಟು ಪರಸ್ಥಳಕ್ಕೆ ಬಂದವರಿಗೆ ಕೆಲವು ಸಂಗತಿಗಳು ಮೊದಲ ತಿಂಗಳಲ್ಲಿಯೇ ಕೈತಪ್ಪಿ ಹೋಗುತ್ತವೆ. ಮನೆಯ ಊಟ ಹೋಗುತ್ತದೆ. ಹಿತ್ತಲಿನ ಗಾಳಿ ಹೋಗುತ್ತದೆ. ನಮ್ಮ ಮಾತಿನಲ್ಲಿ ಬುದ್ಧಿ ಹೇಳುವ ಹಿರಿಯರು ದೂರವಾಗುತ್ತಾರೆ. ಇವು ಹೋದದ್ದು ಕೂಡಲೆ ತಿಳಿಯುತ್ತದೆ. ಆದರೆ ಸದ್ದಿಲ್ಲದೆ ಹೋಗುವುದು ಇನ್ನೊಂದುಂಟು, ಅದು ಪ್ರಾರ್ಥನೆ. ಊರಿನಲ್ಲಿ ಅದಕ್ಕೆ ಒಂದು ಹೊತ್ತು ಇತ್ತು, ಒಂದು ಮೂಲೆ ಇತ್ತು. ದೀಪ ಹಚ್ಚಿದ ಮೇಲೆ ಕೆಲವು ಕ್ರೈಸ್ತ ಮನೆಗಳಲ್ಲಿ ಜಪಸರ ನಡೆಯುತ್ತಿತ್ತು. ಇನ್ನು ಕೆಲವು ಮನೆಗಳಲ್ಲಿ ಒಂದು ಕೀರ್ತನೆ ಹಾಡಿ, ಬೈಬಲಿನ ಒಂದು ಅಧ್ಯಾಯ ಓದಿ, ಎಲ್ಲರೂ ಮೊಣಕಾಲೂರುತ್ತಿದ್ದರು. ಇಲ್ಲಿ ಐದಾರು ಮಂದಿ ಕೂಡಿ ಬಾಡಿಗೆಗೆ ಹಿಡಿದ ಕೋಣೆ. ಒಬ್ಬನು ರಾತ್ರಿಯ ಪಾಳಿ ಮುಗಿಸಿ ಬಂದು ಮಲಗುವ ಹೊತ್ತಿಗೆ ಇನ್ನೊಬ್ಬನು ಹಗಲಿನ ಪಾಳಿಗೆ ಏಳುತ್ತಾನೆ. ಮೊಣಕಾಲೂರುವುದಕ್ಕೆ ನೆಲವೇ ಸಿಕ್ಕದು. ಬೆಳಗ್ಗೆ ರೈಲು ಹಿಡಿಯುವ ಅವಸರ, ರಾತ್ರಿ ಕಣ್ಣೆಳೆಯುವ ನಿದ್ದೆ. ಮೊದಲು ಒಂದು ದಿನ ತಪ್ಪುತ್ತದೆ, ಆಮೇಲೆ ಒಂದು ವಾರ; ಕಡೆಗೆ ಕ್ರಿಸ್ಮಸ್ಸಿಗೆ ಊರಿಗೆ ಹೋದಾಗ ಮಾತ್ರ ಎಂಬಂತಾಗುತ್ತದೆ.

ಹೀಗಾದವರಿಗೆಲ್ಲ ಮನಸ್ಸಿನಲ್ಲಿ ಒಂದು ಅಳುಕು ಉಳಿದಿರುತ್ತದೆ. "ಬಿಡುವು ಸಿಕ್ಕಿದರೆ ಪ್ರಾರ್ಥನೆ ಮಾಡಬಹುದಾಗಿತ್ತು, ದುಡಿಯುವವನಿಗೆ ಬಿಡುವೆಲ್ಲಿ?" ಎಂದು ಅವರು ಸಮಾಧಾನ ಹೇಳಿಕೊಳ್ಳುತ್ತಾರೆ. ಈ ಮಾತಿನ ಒಳಗೆ ಒಂದು ನಂಬಿಕೆ ಅಡಗಿದೆ. ಪ್ರಾರ್ಥನೆಯೂ ಕೆಲಸವೂ ಬೇರೆ ಬೇರೆ. ಒಂದರ ಹೊತ್ತನ್ನು ಕಡಿದಲ್ಲದೆ ಇನ್ನೊಂದಕ್ಕೆ ಹೊತ್ತಿಲ್ಲ, ಎಂಬುದೇ ಆ ನಂಬಿಕೆ. ಇದು ಸರಿಯೇ? ಈ ಪಾಠದಲ್ಲಿ ನಾವು ಈ ಒಂದು ಪ್ರಶ್ನೆಯನ್ನು ಮಾತ್ರ ಎತ್ತಿಕೊಂಡಿದ್ದೇವೆ. ಉತ್ತರವನ್ನು ಹೇಳತಕ್ಕವನು ದೊಡ್ಡ ಪಂಡಿತನಲ್ಲ, ಪಾದ್ರಿಯೂ ಅಲ್ಲ. 17ನೆಯ ಶತಮಾನದಲ್ಲಿ ಪ್ಯಾರಿಸ್ ನಗರದ ಒಂದು ಮಠದಲ್ಲಿ ಅಡಿಗೆಯವನಾಗಿದ್ದ ಒಬ್ಬ ಕುಂಟ ಮನುಷ್ಯ.

ಯಾರು ಈತ?

ಆತನ ಹುಟ್ಟುಹೆಸರು ನಿಕೊಲಾಸ್ ಹರ್ಮನ್. ಫ್ರಾನ್ಸಿನ ಪೂರ್ವಕ್ಕಿರುವ ಲೊರೇನ್ ಪ್ರಾಂತದ ಒಂದು ಹಳ್ಳಿಯಲ್ಲಿ, 1614ರ ಸುಮಾರಿಗೆ, ಬಡ ಕುಟುಂಬದಲ್ಲಿ ಹುಟ್ಟಿದನು. ಆ ಕಾಲದಲ್ಲಿ ಯೂರೋಪಿನಲ್ಲಿ ಮೂವತ್ತು ವರ್ಷಗಳ ಯುದ್ಧವೆಂದು ಹೆಸರಾದ ಮಹಾಯುದ್ಧ ನಡೆಯುತ್ತಿತ್ತು. 1618ರಲ್ಲಿ ಮೊದಲಾದ ಆ ಯುದ್ಧ 1648ರ ತನಕ ನಿಲ್ಲಲಿಲ್ಲ. ನಿಕೊಲಾಸನು ಸಿಪಾಯಿಯಾಗಿ ಸೇರಿದನು. ಯುದ್ಧದಲ್ಲಿ ಗಾಯಗೊಂಡನು, ಜೀವವಿರುವ ತನಕ ಕುಂಟುತ್ತಲೇ ನಡೆಯಬೇಕಾಯಿತು. ಆಮೇಲೆ ಒಬ್ಬ ಖಜಾನೆಯ ಅಧಿಕಾರಿಯ ಮನೆಯಲ್ಲಿ ಆಳಾಗಿ ಸೇರಿದನು. ಅಲ್ಲಿ ತಾನು ಮುಟ್ಟಿದ್ದನ್ನೆಲ್ಲ ಒಡೆಯುತ್ತಿದ್ದ ಒಡ್ಡ ಆಳೆಂದು ಮುಂದೆ ತನ್ನನ್ನೇ ತಾನು ನಗೆಯಾಡಿಕೊಂಡಿದ್ದಾನೆ.

1640ರಲ್ಲಿ ಅವನು ಪ್ಯಾರಿಸಿನ ವೊಜಿರಾರ್ ಬೀದಿಯಲ್ಲಿದ್ದ ಕಾರ್ಮೆಲ್ ಮಠವನ್ನು ಸೇರಿದನು. ಅಲ್ಲಿ ಅವನಿಗೆ "ಪುನರುತ್ಥಾನದ ಲಾರೆನ್ಸ್" ಎಂಬ ಹೆಸರಾಯಿತು. ಪೂಜೆ ನಡೆಸುವ ಗುರುವಾಗಲಿಲ್ಲ. ಮೈಕೆಲಸ ಮಾಡುವ ಸಾಮಾನ್ಯ ಸಹೋದರನಾಗಿಯೇ ಇದ್ದನು. ತನ್ನ ಒಡ್ಡತನಕ್ಕೆ ಇಲ್ಲಿ ತಕ್ಕ ಶಿಕ್ಷೆಯಾದೀತು, ಕಷ್ಟಪಟ್ಟು ಪಾಪ ಕಳೆದುಕೊಳ್ಳಬಹುದು ಎಂದು ಎಣಿಸಿ ಬಂದಿದ್ದನಂತೆ. ದೇವರು ತನಗೆ ಮೋಸ ಮಾಡಿದನು, ಇಲ್ಲಿ ತೃಪ್ತಿಯಲ್ಲದೆ ಮತ್ತೇನೂ ಸಿಕ್ಕಲಿಲ್ಲ ಎಂದು ವಿನೋದವಾಗಿ ಹೇಳುತ್ತಿದ್ದನು.

ಮಠದಲ್ಲಿ ಅವನ ಪಾಲಿಗೆ ಬಂದದ್ದು ಅಡಿಗೆಯ ಕೆಲಸ. ಹದಿನೈದು ವರ್ಷಗಳಷ್ಟು ಕಾಲ ಅವನು ಒಲೆಯ ಮುಂದೆ ಕಳೆದನು. ಕಾಲಿನ ನೋವು ಹೆಚ್ಚಿದ ಮೇಲೆ ಕುಳಿತು ಮಾಡುವ ಕೆಲಸವನ್ನು ಕೊಟ್ಟರು: ಮಠದವರ ಚಪ್ಪಲಿಗಳನ್ನು ಹೊಲಿಯುವುದು. 1691ರ ಫೆಬ್ರವರಿ 12ರಂದು ತೀರಿಕೊಂಡನು. ಅವನು ಇದ್ದ ಮಠದ ಇಗರ್ಜಿ ಪ್ಯಾರಿಸಿನಲ್ಲಿ ಇಂದಿಗೂ ನಿಂತಿದೆ. ಕಾರ್ಮೆಲ್ ಎಂಬ ಹೆಸರು ನಮ್ಮ ನಾಡಿಗೂ ಹೊಸದಲ್ಲ. ಅದೇ ಪರಂಪರೆಯ ಅಪೊಸ್ತಲಿಕ್ ಕಾರ್ಮೆಲ್ ಭಗಿನಿಯರು 1870ರಲ್ಲಿ ಮಂಗಳೂರಿಗೆ ಬಂದು ನೆಲೆಸಿ, ಹೆಣ್ಣುಮಕ್ಕಳ ವಿದ್ಯೆಗೆ ದೊಡ್ಡ ಸೇವೆ ಮಾಡಿದ್ದಾರೆ.

ಇಷ್ಟೇ ಆಗಿದ್ದರೆ ಈ ಅಡಿಗೆಯವನ ಹೆಸರು ನಮಗೆ ತಿಳಿಯುವ ಕಾರಣವಿರಲಿಲ್ಲ. ಆದರೆ ಅವನೊಡನೆ ಮಾತನಾಡಿದವರಿಗೆ ಅವನ ಮುಖದ ಶಾಂತಿ ಕಂಡು ಸೋಜಿಗವಾಗುತ್ತಿತ್ತು. ಜೋಸೆಫ್ ದ ಬೋಫೋರ್ ಎಂಬ ಗುರುವು 1666 ಮತ್ತು 1667ರಲ್ಲಿ ಅವನನ್ನು ನಾಲ್ಕು ಸಾರಿ ಕಂಡು, ನಡೆದ ಮಾತುಕತೆಯನ್ನು ಬರೆದಿಟ್ಟನು. ಲಾರೆನ್ಸನು ಗತಿಸಿದ ಮೇಲೆ ಈ ಸಂಭಾಷಣೆಗಳೂ ಅವನ ಹದಿನಾರು ಪತ್ರಗಳೂ ಕೆಲವು ಸೂತ್ರಗಳೂ 1692 ಮತ್ತು 1694ರಲ್ಲಿ ಅಚ್ಚಾದುವು. ಇವೆಲ್ಲ ಕೂಡಿ "ದೇವಸಾನ್ನಿಧ್ಯದ ಅಭ್ಯಾಸ" ಎಂಬರ್ಥದ ಹೆಸರಿನಿಂದ ಅನೇಕ ಭಾಷೆಗಳಲ್ಲಿ ಪ್ರಸಿದ್ಧವಾಗಿವೆ. ಬರೆದವನು ಕಥೋಲಿಕನಾದರೂ ಪ್ರೊಟೆಸ್ಟಂಟರೂ ಈ ಪುಸ್ತಕವನ್ನು ತಮ್ಮದೆಂದೇ ಓದುತ್ತಾರೆ. ಮೆಥೊಡಿಸ್ಟ್ ಪಂಥದ ಮೂಲಪುರುಷನಾದ ಜಾನ್ ವೆಸ್ಲಿಯು ತಾನು ಪ್ರಕಟಿಸಿದ ಗ್ರಂಥಮಾಲೆಯಲ್ಲಿ ಇದಕ್ಕೆ ಸ್ಥಳ ಕೊಟ್ಟನು. ಪುಸ್ತಕ ಬಲು ಚಿಕ್ಕದು. ಒಂದು ಭಾನುವಾರದ ಮಧ್ಯಾಹ್ನದಲ್ಲಿ ಓದಿ ಮುಗಿಸಬಹುದು.

ಬೋಳು ಮರ

ಲಾರೆನ್ಸನು ಬೋಫೋರನಿಗೆ ಮೊದಲು ಹೇಳಿದ ಸಂಗತಿ ಒಂದು ಮರದ್ದು. ಅವನಿಗೆ ಹದಿನೆಂಟು ವಯಸ್ಸು; ಚಳಿಗಾಲ. ಎಲೆಗಳೆಲ್ಲ ಉದುರಿ ಬೋಳಾಗಿ ನಿಂತ ಒಂದು ಮರವನ್ನು ಕಂಡನು. ಇನ್ನು ಸ್ವಲ್ಪ ಕಾಲದಲ್ಲಿ ಇದೇ ಮರ ಚಿಗುರುತ್ತದೆ, ಹೂ ಬಿಡುತ್ತದೆ, ಕಾಯಿ ಹಿಡಿಯುತ್ತದೆ ಎಂಬ ಯೋಚನೆ ಬಂದಿತು. ಮರವನ್ನು ಹಾಗೆ ಕಾಯುವ ದೇವರು ತನ್ನನ್ನೂ ಕಾಯುವನೆಂಬ ಭರವಸೆ ಆ ಗಳಿಗೆಯಲ್ಲಿ ಬೇರೂರಿ, ಮತ್ತೆ ಎಂದೂ ಅವನನ್ನು ಬಿಡಲಿಲ್ಲ.

ಇಲ್ಲಿ ಗಮನಿಸಬೇಕಾದದ್ದೇನೆಂದರೆ, ಅವನು ಕಂಡದ್ದು ದಿವ್ಯದರ್ಶನವಲ್ಲ, ಒಂದು ಮರ. ದಾರಿಯಲ್ಲಿ ಹೋಗುವ ಎಲ್ಲರಿಗೂ ಕಾಣುವಂಥ ಮರ. ಪೇಟೆಯ ಬದುಕಿನಲ್ಲಿ ಮರಗಳು ಕಡಮೆಯಾದರೂ, ದೇವರನ್ನು ನೆನೆಯುವಂತೆ ಮಾಡುವ ಸಾಧಾರಣ ವಸ್ತುಗಳು ಕಡಮೆಯಾಗಿಲ್ಲ. ನೋಡುವ ಕಣ್ಣಿಗೆ ಅಭ್ಯಾಸ ಬೇಕು. ಲಾರೆನ್ಸನ ಪಾಠವೆಲ್ಲ ಈ ಅಭ್ಯಾಸದ ಪಾಠವೇ.

ಒಲೆಯ ಮುಂದೆ

ಅಡಿಗೆಯ ಕೆಲಸವೆಂದರೆ ಲಾರೆನ್ಸನಿಗೆ ಇಷ್ಟವಿತ್ತೆಂದು ಯಾರೂ ಎಣಿಸಬಾರದು. ಸ್ವಭಾವತಃ ಅವನಿಗೆ ಆ ಕೆಲಸದ ಮೇಲೆ ಬಹಳ ಜಿಗುಪ್ಸೆ. ಮುಂಬಯಿ, ಪುಣೆ ಮೊದಲಾದ ಕಡೆ ಉಡುಪಿ ಹೋಟೆಲುಗಳಲ್ಲಿ ದುಡಿದ ನಮ್ಮವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕಾವಲಿಯ ಕಾವು, ಕಣ್ಣಿಗೆ ಹೊಗೆ, ನಾಲ್ಕು ಕಡೆಯಿಂದ ಕೂಗು, ನಿಂತು ನಿಂತು ಬಾತ ಕಾಲು: ಇದರ ನಡುವೆ ದೇವರ ಧ್ಯಾನವೆಂದರೆ ನಗೆಯ ಮಾತಾಗಿ ತೋರುತ್ತದೆ.

ಲಾರೆನ್ಸನ ಅಡಿಗೆಮನೆಯಲ್ಲಿಯೂ ಗದ್ದಲವೇ ಇತ್ತು; ಅನೇಕರು ಒಟ್ಟಿಗೆ ಬೇರೆ ಬೇರೆ ವಸ್ತುಗಳನ್ನು ಕೇಳುತ್ತಿದ್ದರು. ಆದರೂ ಆ ಗದ್ದಲದ ನಡುವೆ ತನಗೆ ದೇವರು, ಇಗರ್ಜಿಯಲ್ಲಿ ಮೊಣಕಾಲೂರಿದಾಗ ಎಷ್ಟು ಸಮೀಪನೋ ಅಷ್ಟೇ ಸಮೀಪನೆಂದು ಅವನು ಹೇಳುತ್ತಿದ್ದನು. ಬಾಣಲೆಯಲ್ಲಿ ಆಮ್ಲೆಟ್ಟನ್ನು ಮಗುಚಿ ಹಾಕುವುದನ್ನೂ ಅವನು ದೇವರ ಪ್ರೀತಿಗಾಗಿ ಮಾಡುತ್ತಿದ್ದನಂತೆ. ಬೇರೆ ಏನೂ ಮಾಡಲಾರದಿದ್ದರೆ, ನೆಲದ ಮೇಲಿನ ಒಂದು ಹುಲ್ಲುಕಡ್ಡಿಯನ್ನಾದರೂ ಆ ಪ್ರೀತಿಗಾಗಿ ಎತ್ತಿಡಬಹುದು ಎಂಬುದು ಅವನ ಎಣಿಕೆ. ಕೆಲಸ ದೊಡ್ಡದೋ ಚಿಕ್ಕದೋ ಎಂದು ದೇವರು ಅಳೆಯುವುದಿಲ್ಲ, ಅದರೊಳಗಿನ ಪ್ರೀತಿಯನ್ನು ನೋಡುತ್ತಾನೆ ಎಂಬುದು ಇದರ ತಾತ್ಪರ್ಯ.

ಒಂದು ಸಾರಿ ಮಠಕ್ಕೆ ಬೇಕಾದ ದ್ರಾಕ್ಷಾರಸವನ್ನು ಕೊಳ್ಳುವುದಕ್ಕಾಗಿ ಅವನನ್ನು ದೂರದ ಬರ್ಗಂಡಿ ಪ್ರಾಂತಕ್ಕೆ ಕಳಿಸಿದರು. ವ್ಯಾಪಾರ ಅವನಿಗೆ ಗೊತ್ತಿಲ್ಲದ ವಿದ್ಯೆ. ಕಾಲು ಕುಂಟು, ದೋಣಿಯಲ್ಲಿ ಪೀಪಾಯಿಗಳ ಮೇಲೆ ಉರುಳಿಕೊಂಡೇ ಆಚೆ ಈಚೆ ಹೋಗಬೇಕಾಗುತ್ತಿತ್ತು. ಆದರೂ ಅವನು ಚಿಂತಿಸಲಿಲ್ಲ. "ಇದು ನಿನ್ನ ಕೆಲಸ" ಎಂಬ ಭಾವದಿಂದ ದೇವರಿಗೆ ಒಪ್ಪಿಸಿ ಹೋದನು. ಮುಗಿದ ಮೇಲೆ ನೋಡಿದರೆ ಕೆಲಸ ಚೆನ್ನಾಗಿಯೇ ಆಗಿತ್ತು. ಒಲ್ಲದ ಕೆಲಸಕ್ಕೆ, ಗೊತ್ತಿಲ್ಲದ ಊರಿಗೆ ಕಳಿಸಲ್ಪಟ್ಟ ಗುಮಾಸ್ತರಿಗೆ ಈ ಪ್ರಸಂಗ ಧೈರ್ಯ ಕೊಡುವಂಥದು.

ಅವನ ಕ್ರಮ

ಲಾರೆನ್ಸನು ಕಲಿಸಿದ ಕ್ರಮ ಬಹಳ ಸರಳ. ತಿಳಿಯುವುದಕ್ಕೆ ಸುಲಭವಾಗಲೆಂದು ನಾವು ಅದನ್ನು ನಾಲ್ಕು ಭಾಗ ಮಾಡಿ ಕೊಡುತ್ತೇವೆ.

ಮೊದಲನೆಯದು, ಕೆಲಸಕ್ಕೆ ಕೈ ಹಚ್ಚುವ ಮುಂಚೆ ಒಂದು ಮಾತು. ಈಗ ನನ್ನ ಮನಸ್ಸನ್ನು ಹೊರಗಿನ ಕೆಲಸಕ್ಕೆ ಕೊಡಬೇಕಾಗಿದೆ. ನೀನು ನನ್ನ ಸಂಗಡ ಇರು, ಈ ಕೆಲಸವನ್ನು ನಿನ್ನದಾಗಿ ಸ್ವೀಕರಿಸು, ಎಂದು ದೇವರನ್ನು ಬೇಡಿಕೊಳ್ಳುವುದು. ಇದಕ್ಕೆ ಅರ್ಧ ನಿಮಿಷವೂ ಬೇಡ.

ಎರಡನೆಯದು, ಕೆಲಸದ ನಡುವೆ ಆಗಾಗ ಒಳಗೆ ತಿರುಗಿ ನೋಡುವುದು. ಬಾಯಿ ತೆರೆಯಬೇಕಾಗಿಲ್ಲ, ಕಣ್ಣು ಮುಚ್ಚಬೇಕಾಗಿಲ್ಲ. ಮಗುವೊಂದು ಅಂಗಳದಲ್ಲಿ ಆಡುತ್ತಿರುವಾಗ ನಡುನಡುವೆ ತಲೆಯೆತ್ತಿ ಬಾಗಿಲಲ್ಲಿ ತಾಯಿ ಇದ್ದಾಳೆಯೇ ಎಂದು ನೋಡುವುದಿಲ್ಲವೆ? ತಾಯಿ ಕಂಡರೆ ಸಾಕು, ಆಟ ಮುಂದುವರಿಯುತ್ತದೆ. ಆ ನೋಟದಂಥದು ಈ ಪ್ರಾರ್ಥನೆ. ಅದರಿಂದ ಕೆಲಸ ಕೆಡುವುದಿಲ್ಲ. ಲೆಕ್ಕ ಬರೆಯುವಾಗ ಒಂದು ಪುಟದ ಮೊತ್ತ ಕೂಡಿಸಿ ಮುಂದಿನ ಪುಟಕ್ಕೆ ಹೋಗುವ ಮುಂಚೆ, ಯಂತ್ರದ ಮುಂದೆ ಒಂದು ಸಾಮಾನು ಇಳಿಸಿ ಇನ್ನೊಂದನ್ನು ಏರಿಸುವ ಮುಂಚೆ, ಇಷ್ಟು ಎಡೆ ಸಿಕ್ಕಿಯೇ ಸಿಕ್ಕುತ್ತದೆ. ಅಂಥ ಎಡೆಯಲ್ಲಿ ನಮ್ಮ ಕೈ ತಾನಾಗಿಯೇ ಮೊಬೈಲಿನ ಕಡೆಗೆ ಹೋಗುವುದುಂಟು. ಆ ಎಡೆಗಳಲ್ಲಿ ಕೆಲವನ್ನಾದರೂ ದೇವರಿಗೆ ಕೊಡಬಹುದು.

ಮೂರನೆಯದು, ಮನಸ್ಸು ಅಲೆದಾಡಿದರೆ ಮೆಲ್ಲನೆ ಹಿಂದಕ್ಕೆ ಕರೆಯುವುದು. ಮನಸ್ಸು ಅಲೆಯುವುದೇ ಅದರ ಸ್ವಭಾವವೆಂದು ಲಾರೆನ್ಸನು ಚೆನ್ನಾಗಿ ಬಲ್ಲನು. ಅದನ್ನು ಹೊಡೆದು ಬಡಿದು ಎಳೆದು ತಂದರೆ ಮತ್ತಷ್ಟು ಕಲಕಿಹೋಗುತ್ತದೆ. ಶಾಂತವಾಗಿ ಕರೆದರೆ ಬರುತ್ತದೆ. ಮತ್ತೆ ಹೋದರೆ ಮತ್ತೆ ಕರೆಯಬೇಕು. ಪ್ರಾರ್ಥನೆಯಲ್ಲಿ ಬಹಳ ಮಾತು ಬೆಳಸಬಾರದೆಂದೂ, ಶ್ರೀಮಂತನ ಬಾಗಿಲಲ್ಲಿ ಕುಳಿತ ಮಾತು ಬಾರದ ಭಿಕ್ಷುಕನಂತೆ ದೇವರ ಮುಂದೆ ಸುಮ್ಮನಿದ್ದರೆ ಸಾಕೆಂದೂ ಒಂದು ಪತ್ರದಲ್ಲಿ ತಿಳಿಸಿದ್ದಾನೆ.

ನಾಲ್ಕನೆಯದು, ಕೆಲಸ ಮುಗಿದ ಮೇಲೆ ಹಿಂದಿರುಗಿ ನೋಡುವುದು. ಚೆನ್ನಾಗಿ ಆಗಿದ್ದರೆ ಉಪಕಾರಸ್ಮರಣೆ. ಕೆಟ್ಟಿದ್ದರೆ ಕ್ಷಮೆ ಬೇಡಿ, ಎದೆಗುಂದದೆ ಮತ್ತೆ ಮೊದಲಿಟ್ಟುಕೊಳ್ಳುವುದು. ಇಲ್ಲಿ "ಎದೆಗುಂದದೆ" ಎಂಬುದೇ ಮುಖ್ಯ. ತಪ್ಪಿಗಾಗಿ ಪಶ್ಚಾತ್ತಾಪ ಬೇರೆ, ತಪ್ಪಿನಲ್ಲಿಯೇ ಕೊರಗುತ್ತ ಕುಳಿತುಕೊಳ್ಳುವುದು ಬೇರೆ. ಲಾರೆನ್ಸನು ತಪ್ಪನ್ನು ಒಪ್ಪಿಕೊಂಡು, ನೀನು ಕೈಬಿಟ್ಟರೆ ನಾನು ಹೀಗೆಯೇ ಎಡವುತ್ತೇನೆ ಎಂದು ದೇವರಿಗೆ ತಿಳಿಸಿ, ಮತ್ತೆ ಕೆಲಸಕ್ಕೆ ಹೋಗುತ್ತಿದ್ದನು.

ಬತ್ತಿದ ದಿನಗಳು

ಇಷ್ಟನ್ನು ಓದಿ, ಇದು ಸುಲಭದ ದಾರಿ, ಎರಡು ದಿನದಲ್ಲಿ ಮನಸ್ಸಿಗೆ ಶಾಂತಿ ಬಂದೀತು ಎಂದು ಯಾರಾದರೂ ಎಣಿಸಿದರೆ ನಿರಾಶರಾಗುವರು. ಲಾರೆನ್ಸನಿಗೇ ಹಾಗಾಗಲಿಲ್ಲ. ಮೊದಲ ಹತ್ತು ವರ್ಷಗಳು ಬಹಳ ಕಷ್ಟದವಾಗಿದ್ದುವೆಂದು ಅವನು ಬರೆದಿದ್ದಾನೆ. ಅದರಲ್ಲಿಯೂ ಸುಮಾರು ನಾಲ್ಕು ವರ್ಷ ತನಗೆ ಮೋಕ್ಷವಿಲ್ಲ, ತಾನು ನರಕಕ್ಕೇ ಹೋಗತಕ್ಕವನು ಎಂಬ ಭಯ ಅವನನ್ನು ಹಗಲೂ ಇರುಳೂ ಕಾಡಿತು. ಯಾರ ಮಾತೂ ಆ ಭಯವನ್ನು ಹೋಗಲಾಡಿಸಲಿಲ್ಲ. ಕಡೆಗೆ ಅವನು ಒಂದು ನಿಶ್ಚಯ ಮಾಡಿದನು: ನನಗೆ ಮುಂದೆ ಏನಾದರೂ ಆಗಲಿ, ಬದುಕಿರುವ ತನಕ ದೇವರನ್ನು ಪ್ರೀತಿಸಿಯೇ ತೀರುತ್ತೇನೆ. ಪ್ರತಿಫಲದ ಲೆಕ್ಕವನ್ನು ಹೀಗೆ ಬಿಟ್ಟ ಮೇಲೆ ಮನಸ್ಸು ಹಗುರವಾಯಿತು.

ಊರು ಬಿಟ್ಟವನಿಗೆ ಇದು ಬಹಳ ಬೇಕಾದ ಮಾತು. ಪ್ರಾರ್ಥಿಸಿದರೂ ಮನಸ್ಸು ಒಣಗಿರುವ ದಿನಗಳಿರುತ್ತವೆ. ಊರಿನಿಂದ ತಾಯಿಗೆ ಕಾಯಿಲೆಯೆಂದು ಸುದ್ದಿ ಬಂದಿರುತ್ತದೆ, ರಜೆ ಸಿಕ್ಕುವುದಿಲ್ಲ, ಮಾಡಿದ ಪ್ರಾರ್ಥನೆಗೆ ಗೋಡೆಯಿಂದ ಕೂಡ ಉತ್ತರವಿಲ್ಲವೆನಿಸುತ್ತದೆ. ಅಂಥ ದಿನ, ನನ್ನ ಪ್ರಾರ್ಥನೆ ಸುಳ್ಳು ಎಂದು ಅದನ್ನು ಬಿಟ್ಟುಬಿಡುವುದು ಸಹಜ. ಲಾರೆನ್ಸನ ಅನುಭವ ಹೇಳುವುದು ಬೇರೆ. ಮನಸ್ಸಿಗೆ ಸಿಹಿಯಾದ ಅನುಭವ ಸಿಕ್ಕುವುದು ಪ್ರಾರ್ಥನೆಯ ಗುರುತಲ್ಲ; ಸಿಕ್ಕದಿದ್ದಾಗಲೂ ದೇವರ ಕಡೆಗೆ ತಿರುಗುವುದು ಅದರ ಗುರುತು. ಬೋಳಾದ ಮರವೂ ಮರವೇ. ಚಳಿಗಾಲದಲ್ಲಿ ಅದನ್ನು ಕಡಿದುಹಾಕುವವನಿಗೆ ಚೈತ್ರದ ಚಿಗುರು ಕಾಣುವುದಿಲ್ಲ.

ಎರಡು ಎಚ್ಚರಿಕೆಗಳು

ಈ ಪಾಠವನ್ನು ತಪ್ಪಾಗಿ ತಿಳಿಯುವುದಕ್ಕೂ ಎಡೆಯುಂಟು. ಆದ್ದರಿಂದ ಎರಡು ಮಾತುಗಳನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ.

ಕೆಲಸವೇ ಪ್ರಾರ್ಥನೆಯಾಗಬಹುದಾದರೆ ಇಗರ್ಜಿಗೆ ಹೋಗುವುದೇಕೆ, ಬೈಬಲ್ ಓದುವುದೇಕೆ ಎಂದು ಕೇಳುವವರುಂಟು. ಲಾರೆನ್ಸನು ಹಾಗೆ ಕೇಳಲಿಲ್ಲ. ಮಠದ ಗಂಟೆ ಬಾರಿಸಿದಾಗ ಅವನೂ ಎಲ್ಲರೊಡನೆ ಪ್ರಾರ್ಥನೆಗೆ ಹೋಗುತ್ತಿದ್ದನು. ಆ ಹೊತ್ತಿಗೂ ಬೇರೆ ಹೊತ್ತಿಗೂ ತನಗೆ ವ್ಯತ್ಯಾಸವಿಲ್ಲವೆಂದು ಹೇಳಿದನೇ ಹೊರತು, ಆ ಹೊತ್ತು ಬೇಡವೆಂದು ಹೇಳಲಿಲ್ಲ. ವಾರಕ್ಕೊಮ್ಮೆ ನಾಲ್ಕು ಜನರೊಡನೆ ಕೂಡಿ ಮಾಡುವ ಆರಾಧನೆ ಬಾವಿಯಾದರೆ, ಕೆಲಸದ ನಡುವಿನ ಪ್ರಾರ್ಥನೆ ಅದರಿಂದ ಸೇದಿ ತಂದ ಕೊಡ. ಬಾವಿ ಬತ್ತಿದರೆ ಕೊಡ ಎಷ್ಟು ದಿನ ಬಂದೀತು?

ಎರಡನೆಯದು ಇನ್ನೂ ಮುಖ್ಯ. "ದುಡಿಮೆಯೇ ದೇವರ ಸೇವೆ, ಆದ್ದರಿಂದ ಸಂಬಳ ಕೇಳಬೇಡ, ಹೊತ್ತು ಮೀರಿ ದುಡಿ" ಎಂದು ಧಣಿಯಾದವನು ಈ ಪಾಠವನ್ನು ತಿರುಗಿಸಿ ಹೇಳಬಹುದು. ಇದು ಸರ್ವಥಾ ಸರಿಯಲ್ಲ. ಲಾರೆನ್ಸನು ತಾನಾಗಿ ಒಪ್ಪಿ ಮಠ ಸೇರಿದವನು. ಅವನ ದುಡಿಮೆಯಿಂದ ಇನ್ನೊಬ್ಬನು ಲಾಭ ಎಣಿಸುತ್ತಿರಲಿಲ್ಲ. ಕೂಲಿಯಾಳುಗಳ ಕೂಲಿಯನ್ನು ಹಿಡಿದಿಟ್ಟ ಧನಿಕರನ್ನು ಹೊಸ ಒಡಂಬಡಿಕೆಯಲ್ಲಿ ಯಾಕೋಬನ ಪತ್ರಿಕೆಯ 5ನೆಯ ಅಧ್ಯಾಯ ಕಟುವಾಗಿ ಖಂಡಿಸುತ್ತದೆ. ಕೊಡದೆ ಉಳಿಸಿಕೊಂಡ ಆ ಕೂಲಿಯ ಮೊರೆ ದೇವರ ಕಿವಿಗೆ ಮುಟ್ಟಿದೆಯೆಂದು ಅಲ್ಲಿ ಎಚ್ಚರಿಸಿದೆ. ಕೆಲಸವನ್ನು ದೇವರಿಗೆ ಅರ್ಪಿಸುವವನು ತನ್ನ ನ್ಯಾಯವಾದ ಕೂಲಿಯನ್ನು ಕೇಳಲು ನಾಚಬೇಕಾಗಿಲ್ಲ. ಎರಡೂ ಕೂಡಿ ನಡೆಯತಕ್ಕವು.

ಹಿಂದಿನ ಸಾಕ್ಷಿ

ಲಾರೆನ್ಸನು ಹೊಸದೊಂದನ್ನು ಹುಟ್ಟಿಸಿದನೆಂದು ತಿಳಿಯಬಾರದು. ಯೇಸುಸ್ವಾಮಿಯೇ ಬಡಗಿಯೆಂದು ಮಾರ್ಕನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿ ಕಾಣುತ್ತದೆ. ಪೌಲನು ಗುಡಾರ ಮಾಡುವ ಕಸುಬಿನವನು. ಕೊರಿಂಥ ಪಟ್ಟಣದಲ್ಲಿ ಅವನು ಅಕ್ವಿಲ ಮತ್ತು ಪ್ರಿಸ್ಕಿಲ್ಲ ಎಂಬ ದಂಪತಿಗಳ ಮನೆಯಲ್ಲಿ ಇಳಿದುಕೊಂಡು ಅವರೊಡನೆ ಅದೇ ಕೆಲಸ ಮಾಡಿದನೆಂದು ಅಪೊಸ್ತಲರ ಕೃತ್ಯಗಳ 18ನೆಯ ಅಧ್ಯಾಯ ಹೇಳುತ್ತದೆ. ಆ ದಂಪತಿಗಳೂ ನಮ್ಮಂತೆ ನೆಲೆ ಬಿಟ್ಟು ಬಂದವರೇ. ಯೆಹೂದ್ಯರು ರೋಮ್ ನಗರವನ್ನು ಬಿಡಬೇಕೆಂದು ಕ್ಲೌದ್ಯ ಚಕ್ರವರ್ತಿ ಆಜ್ಞೆ ಮಾಡಿದ್ದರಿಂದ ಅಲ್ಲಿಗೆ ಬಂದಿದ್ದರು. ಪೌಲನು ಥೆಸಲೊನೀಕದವರಿಗೆ ಬರೆದ ಮೊದಲನೆಯ ಪತ್ರಿಕೆಯನ್ನು ತೆರೆದು ನೋಡಿರಿ. 2ನೆಯ ಅಧ್ಯಾಯದಲ್ಲಿ, ಯಾರಿಗೂ ಭಾರವಾಗದಂತೆ ತಾನು ಹಗಲೂ ಇರುಳೂ ದುಡಿದದ್ದನ್ನು ನೆನಪಿಸುತ್ತಾನೆ. 5ನೆಯ ಅಧ್ಯಾಯದಲ್ಲಿ, ಪ್ರಾರ್ಥನೆಯನ್ನು ನಡುವೆ ನಿಲ್ಲಿಸಬಾರದೆಂದು ಬುದ್ಧಿ ಹೇಳುತ್ತಾನೆ. ಹಗಲಿರುಳು ದುಡಿದವನೇ ನಿಲ್ಲಿಸದೆ ಪ್ರಾರ್ಥಿಸಿರೆಂದು ಹೇಳುವುದಾದರೆ, ಆ ಪ್ರಾರ್ಥನೆ ಕೆಲಸದ ಒಳಗೇ ನಡೆದಿರಬೇಕಲ್ಲವೆ?

ಈ ವಾಚನಾಲಯಕ್ಕೆ ಬರುವವರಲ್ಲಿ ಎಲ್ಲ ಮತಗಳವರೂ ಉಂಟು. ಕನ್ನಡಿಗರಾದವರಿಗೆ ಇದನ್ನು ಓದುವಾಗ 12ನೆಯ ಶತಮಾನದ ಶರಣರ ನೆನಪು ಬಾರದಿರದು. ನುಲಿಯ ಚಂದಯ್ಯನು ಹಗ್ಗ ಹೊಸೆದನು. ಆಯ್ದಕ್ಕಿ ಮಾರಯ್ಯನೂ ಲಕ್ಕಮ್ಮನೂ ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದರು. ಗಂಡನು ಅಗತ್ಯಕ್ಕಿಂತ ಹೆಚ್ಚು ತಂದಾಗ ಲಕ್ಕಮ್ಮನು ಒಪ್ಪಲಿಲ್ಲ. ಎರಡು ದಾರಿಗಳೂ ಒಂದೇ ಎಂದು ನಾವು ಹೇಳುವುದಿಲ್ಲ. ಶರಣರ ಕಾಯಕದಲ್ಲಿ ದುಡಿದದ್ದನ್ನು ಹಂಚುವ ದಾಸೋಹ ಸೇರಿದೆ. ಲಾರೆನ್ಸನ ಒತ್ತು, ದುಡಿಯುವವನ ಮನಸ್ಸು ಯಾರ ಕಡೆಗೆ ತಿರುಗಿದೆ ಎಂಬುದರ ಮೇಲೆ. ಆದರೆ ಕೈಕೆಲಸ ಮಾಡುವವನು ದೇವರಿಗೆ ದೂರದವನಲ್ಲ ಎಂಬ ಮಾತಿನಲ್ಲಿ ಇಬ್ಬರೂ ಕೂಡುತ್ತಾರೆ. ಹಗ್ಗ ಹೊಸೆದವನ ನಾಡಿನವರಿಗೆ ಚಪ್ಪಲಿ ಹೊಲಿದ ಈ ಫ್ರೆಂಚ್ ಸಹೋದರನು ಪರಕೀಯನಾಗಿ ತೋರಬೇಕಾಗಿಲ್ಲ.

ಕೆಲವು ಚಿಕ್ಕ ಪ್ರಾರ್ಥನೆಗಳು

ಮೊದಮೊದಲು ಸ್ವಂತ ಮಾತು ತೋಚದವರಿಗಾಗಿ ಕೆಲವು ಪ್ರಾರ್ಥನೆಗಳನ್ನು ಇಲ್ಲಿ ನಾವು ಬರೆದು ಕೊಟ್ಟಿದ್ದೇವೆ. ಬಾಯಿಪಾಠ ಮಾಡಿಕೊಳ್ಳಬಹುದು, ಬೇಕಾದಂತೆ ಬದಲಾಯಿಸಿಕೊಳ್ಳಬಹುದು. ಮನಸ್ಸಿನಲ್ಲಿ ಹೇಳಿಕೊಂಡರೆ ಸಾಕು. ಪಕ್ಕದಲ್ಲಿ ಮಲಗಿದವನ ನಿದ್ದೆಗೆ ಭಂಗವಾಗದು.

ಏಳುವಾಗ: ತಂದೆಯೇ, ರಾತ್ರಿಯೆಲ್ಲ ನೀನು ಎಚ್ಚರವಾಗಿದ್ದೆ. ಈ ಹಗಲನ್ನು ನಿನ್ನ ಕೈಯಿಂದ ತೆಗೆದುಕೊಳ್ಳುತ್ತೇನೆ. ಊರಿನಲ್ಲಿರುವ ನನ್ನವರ ಮೇಲೂ ಇದೇ ಬೆಳಕನ್ನು ಹರಿಸು.

ಕೆಲಸಕ್ಕೆ ಕೈ ಹಚ್ಚುವಾಗ: ಕರ್ತನೇ, ಬಡಗಿಯ ಕೆಲಸ ಬಲ್ಲವನೇ, ನನ್ನ ಕೈಗಳ ಸಂಗಡ ಇರು. ಯಾರೂ ನೋಡದ ಕಡೆಯಲ್ಲಿಯೂ ಈ ಕೆಲಸ ಚೊಕ್ಕಟವಾಗಿರಲಿ.

ಸಿಟ್ಟು ಬಂದಾಗ: ದೇವಾ, ನಾಲಗೆಯ ತುದಿಗೆ ಬಂದ ಮಾತನ್ನು ನಿನ್ನ ಮುಂದೆ ಇಡುತ್ತೇನೆ. ಹೇಳತಕ್ಕದ್ದಾದರೆ ನೆಟ್ಟಗೆ ಹೇಳುವಂತೆ ಮಾಡು. ಅಲ್ಲವಾದರೆ ನುಂಗುವ ಶಕ್ತಿ ಕೊಡು.

ತಪ್ಪು ಮಾಡಿದಾಗ: ಸ್ವಾಮೀ, ಎಡವಿದೆ. ಮುಚ್ಚಿಡುವುದಿಲ್ಲ. ಎತ್ತಿ ನಿಲ್ಲಿಸು, ಮತ್ತೆ ನಡೆಯುತ್ತೇನೆ.

ಮನೆಗೆ ಹಣ ಕಳಿಸುವಾಗ: ತಂದೆಯೇ, ಈ ಹಣದೊಡನೆ ನನ್ನ ಪ್ರೀತಿಯೂ ಹೋಗಿ ಮುಟ್ಟಲಿ. ಇದಕ್ಕಾಗಿ ಕಾಯುತ್ತಿರುವವರಿಗೆ ಆರೋಗ್ಯ ಕೊಡು. ಕಳಿಸಲು ಏನೂ ಇಲ್ಲದ ನನ್ನ ಜೊತೆಯವನನ್ನೂ ನೆನೆ.

ಮಲಗುವಾಗ: ಕರ್ತನೇ, ಆದದ್ದು ಆಯಿತು, ಉಳಿದದ್ದು ನಿನ್ನದು. ಯಾರ ಮೇಲೂ ಹಗೆಯಿಲ್ಲದೆ ಮಲಗುವಂತೆ ಮಾಡು. ಆಮೆನ್.

ಒಂದು ವಾರದ ಅಭ್ಯಾಸ

ಓದಿ ಮಡಿಸಿಡುವ ಪಾಠ ಇದಲ್ಲ. ಮುಂದಿನ ಭಾನುವಾರದಿಂದ ಒಂದು ವಾರ ಹೀಗೆ ಮಾಡಿ ನೋಡಬೇಕೆಂದು ವಾಚಕರನ್ನು ಕೇಳಿಕೊಳ್ಳುತ್ತೇವೆ. ದಿನಕ್ಕೆ ಒಂದೇ ಅಭ್ಯಾಸ. ಹಿಂದಿನ ದಿನದ್ದನ್ನು ಕೈಲಾದಷ್ಟು ಮುಂದುವರಿಸುವುದು.

ಭಾನುವಾರ: ಆರಾಧನೆಗೆ ಹೋಗಿ, ಅಲ್ಲಿ ಕೇಳಿದ ಒಂದು ಮಾತನ್ನು ನೆನಪಿನಲ್ಲಿಟ್ಟುಕೊಂಡು ಬನ್ನಿ.

ಸೋಮವಾರ: ಕೆಲಸ ಮೊದಲು ಮಾಡುವ ಮುಂಚೆ ಒಂದು ವಾಕ್ಯದ ಪ್ರಾರ್ಥನೆ.

ಮಂಗಳವಾರ: ಊಟಕ್ಕೆ ಕುಳಿತಾಗ, ಆ ಅನ್ನ ಬೇಯಿಸಿದವರು ಯಾರೆಂದು ಯೋಚಿಸಿ ಅವರಿಗಾಗಿ ಒಂದು ಪ್ರಾರ್ಥನೆ.

ಬುಧವಾರ: ನಿಮಗೆ ಎಲ್ಲಕ್ಕಿಂತ ಬೇಸರವಾದ ಕೆಲಸ ಯಾವುದೋ ಅದನ್ನೇ ಆರಿಸಿಕೊಂಡು, ಅದೊಂದನ್ನು ದೇವರ ಪ್ರೀತಿಗಾಗಿ ಮಾಡಿ.

ಗುರುವಾರ: ರೈಲಿನಲ್ಲಿಯೋ ಬಸ್ಸಿನಲ್ಲಿಯೋ ಕಣ್ಣಿಗೆ ಬಿದ್ದ ಒಬ್ಬ ಅಪರಿಚಿತನಿಗಾಗಿ ಬೇಡಿಕೊಳ್ಳಿ.

ಶುಕ್ರವಾರ: ಮನಸ್ತಾಪವಾದವರೊಬ್ಬರ ಹೆಸರನ್ನು ದೇವರ ಮುಂದೆ ಹೇಳಿ, ಸಾಧ್ಯವಾದರೆ ಅವರನ್ನು ಮಾತನಾಡಿಸಿ.

ಶನಿವಾರ: ವಾರವನ್ನು ಹಿಂದಿರುಗಿ ನೋಡಿ. ಎಷ್ಟು ಸಾರಿ ಮರೆತೆವೆಂದು ಎಣಿಸಬೇಡಿ. ಎಷ್ಟು ಸಾರಿ ಮತ್ತೆ ನೆನೆದೆವೆಂದು ಎಣಿಸಿ.

ನಾಲ್ಕೈದು ಜನ ಕೂಡಿ ಓದುವವರಿಗೆ ಮೂರು ಪ್ರಶ್ನೆಗಳು:

1. ಲಾರೆನ್ಸನಿಗೆ ಅಡಿಗೆಯ ಕೆಲಸ ಇಷ್ಟವಿರಲಿಲ್ಲ. ಇಷ್ಟವಿಲ್ಲದ ಕೆಲಸವನ್ನು ಪ್ರೀತಿಯಿಂದ ಮಾಡುವುದಕ್ಕೂ, ಅನ್ಯಾಯವನ್ನು ಸುಮ್ಮನೆ ಸಹಿಸುವುದಕ್ಕೂ ಇರುವ ವ್ಯತ್ಯಾಸವೇನು?

2. ಮನಸ್ಸು ಒಣಗಿದ ದಿನಗಳಲ್ಲಿ ನಿಮ್ಮನ್ನು ಪ್ರಾರ್ಥನೆಯಲ್ಲಿ ನಿಲ್ಲಿಸಿದ್ದು ಯಾವುದು?

3. ನಿಮ್ಮ ಕೆಲಸದ ದಿನದಲ್ಲಿ ಒಂದು ಕ್ಷಣ ತಲೆಯೆತ್ತಿ ನೋಡಲು ಎಡೆ ಎಲ್ಲೆಲ್ಲಿ ಸಿಕ್ಕುತ್ತದೆ? ಪ್ರತಿಯೊಬ್ಬರೂ ಒಂದನ್ನಾದರೂ ಹೇಳಿರಿ. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ನಾಳೆ ಉಪಯೋಗಕ್ಕೆ ಬಂದೀತು.